ಆಮೆಗೆ ಉಡಿ ತುಂಬಿದ ದೊಡ್ಡವ್ವ

ನಮ್ಮ ದೊಡ್ಡವ್ವನನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಿ, ಸಂಜೆಯೊಳಗೆ ಅಲ್ಲೊಂದು ಬೀಗತನ ಬೆಳೆಸಿರುತ್ತಾಳೆ! ಬೀಗರು ಮನುಷ್ಯರೇ ಆಗಬೇಕೆಂದಿಲ್ಲ. ಬಾದಾಮಿಯಲ್ಲಿ ಕೋತಿಯೊಂದು ಅವಳ ಕೈಯಿಂದ ಶೇಂಗಾ ಹೋಳಿಗೆ ಕಸಿದಾಗ ನಾವೆಲ್ಲ ಓಡಿದೆವು. ಅವಳು ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಲೇ, ತುಪ್ಪ ಹಚ್ಚಿಕೊಂಡು ತಿನ್ನು, ಒಣಾದು ಗಂಟಲಕ್ಕ ಹತ್ತತೈತಿ" ಎಂದು ಡಬ್ಬಿ ತೆರೆದಳು. ಕೋತಿಗೆ ತುಪ್ಪ! ಅವತ್ತು ನಮಗೆಲ್ಲ ಒಣ ಹೋಳಿಗೆಯೇ ಗತಿಯಾಯಿತು.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಗುಡೂರಿನಲ್ಲಿ ಸಾಕಿದವಳು ಈ ದೊಡ್ಡವ್ವನೇ. ಹಾಗಾಗಿ ಅವಳ ಪ್ರೀತಿಯಲ್ಲಿ ದೊಡ್ಡ ಪಾಲು ನನ್ನದೇ ಎಂದು ತಿಳಿದಿದ್ದೆ. ಆದರೆ ಮದುವೆಯಾಗಿ ಇಳಕಲ್ಲಿಗೆ ಗಾಡಿ ಹತ್ತಿದ ದಿನ, ಓಣಿಯೆಲ್ಲ ಅತ್ತರೂ ಇವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅಡುಗೆಯವರ ನಡುವೆ ನಿಂತು ಎಣಗಾಯಿ ಬೋಗುಣಿಗೆ ಮುಚ್ಚಳ ಹುಡುಕುತ್ತಿದ್ದಳು! ಹನ್ನೊಂದು ವರ್ಷವಾದರೂ ಆ ಮುಚ್ಚಳವನ್ನು ನಾನು ಮರೆತಿಲ್ಲ.

ಹೋದ ವರ್ಷ ರಜೆಯಲ್ಲಿ ಅವಳನ್ನು ಅಂಡಮಾನಿಗೆ ಕರೆದೊಯ್ದೆ. ಅಲ್ಲೊಂದು ದ್ವೀಪದಲ್ಲಿ ಕಡಲಾಮೆಗಳನ್ನು ಕಾಪಾಡುವ ಕೇಂದ್ರವಿತ್ತು. ಬಲೆಗೆ ಸಿಕ್ಕು ಕಾಲು ಕೊಯ್ದುಕೊಂಡಿದ್ದ ದೊಡ್ಡ ಹೆಣ್ಣಾಮೆಯೊಂದು ಅಲ್ಲಿ ಆರೈಕೆ ಮಾಡಿಸಿಕೊಂಡು ವಾಸಿಯಾಗಿತ್ತು. ನಾವು ಹೋದ ದಿನ ಬೆಳಿಗ್ಗೆಯೇ ಅದನ್ನು ಕಡಲಿಗೆ ಬಿಡುವವರಿದ್ದರು. ಕೇಂದ್ರದ ಹುಡುಗಿ ಹಿಂದಿಯಲ್ಲಿ ಇದನ್ನೆಲ್ಲ ಹೇಳಿದಳು, ನಾನು ದೊಡ್ಡವ್ವನಿಗೆ ಕನ್ನಡ ಮಾಡಿ ಹೇಳಿದೆ.

"ಅಂದ್ರ ಈಕಿ ತವರಮನಿಯಿಂದ ಹೊಂಟಾಳ! ಹೆಣ್ಣಮಗಳನ್ನ ಬರೇ ಉಡಿಲೇ ಕಳಸ್ತಾರೇನು?" ಎಂದವಳೇ ಚೀಲ ಬಿಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಗುಳೇದಗುಡ್ಡದ ಹಸಿರು ಖಣ! ಆ ಖಣದ ಮೇಲೆ ನಾನು ಮೂರು ತಿಂಗಳಿಂದ ಕಣ್ಣಿಟ್ಟಿದ್ದೆ, ಗೊತ್ತೇ?

ಹುಡುಗಿ ಗಾಬರಿಯಾಗಿ, ಆಮೆಗೆ ಅಕ್ಕಿ ಹಾಕಬಾರದು ಎಂದಳು.

"ತಿನ್ನಾಕಲ್ಲವಾ, ಉಡಿ ತುಂಬಾಕ!"

"ದೊಡ್ಡವ್ವಾ, ಆಮಿಗೆ ಸೆರಗ ಎಲ್ಲೈತಿ?" ಎಂದೆ ನಾನು.

ಅವಳು ಹುಡುಗಿಯ ಕಡೆ ತಿರುಗಿದಳು. "ಇಷ್ಟ ದಿನ ಜ್ವಾಕಿ ಮಾಡಿದಾಕಿ ಈಕಿ. ಅಕಿ ಪರವಾಗಿ ಈಕೀನ ಒಡ್ಡಲಿ!"

ಪಾಪದ ಹುಡುಗಿ, ಏನೂ ತಿಳಿಯದೆ ನಾನು ಸನ್ನೆ ಮಾಡಿದಂತೆ ಟೀಶರ್ಟಿನ ಅಂಚು ಹಿಡಿದು ಒಡ್ಡಿದಳು. ಅಕ್ಕಿ, ಕೊಬ್ಬರಿ, ನನ್ನ ಖಣ, ಎಲ್ಲ ಅದರೊಳಗೆ ಬಿದ್ದವು. ಮೇಲೆ ಹಣೆಗೆ ಕುಂಕುಮ ಬೇರೆ!

ಆಮೆಯನ್ನು ಮರಳ ಮೇಲೆ ಬಿಟ್ಟರು. ಸ್ವಲ್ಪ ದೂರ ತೆವಳಿತು, ನಿಂತಿತು, ಮತ್ತೆ ತೆವಳಿತು. ಕೊನೆಗೊಂದು ತೆರೆ ಬಂದು ಅದನ್ನು ಒಳಗೆ ಕರೆದುಕೊಂಡಿತು. ತಿರುಗಿ ನೋಡಿದರೆ ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕುತ್ತಿದ್ದಾಳೆ! ಅರ್ಧ ಗಂಟೆಯ ಪರಿಚಯದ ಆಮೆಗೆ ಇಷ್ಟೊಂದು ಕಣ್ಣೀರೇ?

"ನನ್ನ ಕಳಸುಮುಂದ ಮುಚ್ಚಳ ಹುಡುಕಾಕತ್ತಿದ್ದಿ. ನಾ ಈ ಆಮಿಗಿಂತ ಕಡಿಮಿ ಆದ್ನೇನು?" ಕೇಳಿಯೇಬಿಟ್ಟೆ.

ಅವಳು ಕಣ್ಣೊರೆಸಿಕೊಂಡು ಆಮೆ ಹೋದ ಕಡೆ ಕೈ ತೋರಿಸಿದಳು.

"ಹುಚ್ಚಿ, ನಾ ಎಷ್ಟ ಅತ್ರೂ ಅಕಿ ನಿಲ್ಲೂದಿಲ್ಲ, ಹೋಗೇ ಹೋಗ್ತಾಳ. ನೀ ಗಾಡಿ ಕಿಡಕ್ಯಾಗಿಂದ ನನ್ನ ಹುಡುಕಾಕತ್ತಿದ್ದಿ. ನಾ ಒಂದ ಹನಿ ಹಾಕಿದ್ರೂ ಇಳದ ಬರ್ತಿದ್ದಿ. ನೀ ಇಳದ ಬಂದಿದ್ರ, ಮತ್ತ ಕಳಸ್ತಿದ್ದಿಲ್ಲ ನಾ."

ನಾನು ಅಲ್ಲೇ ಮರಳಿನಲ್ಲಿ ಕೂತು ಅವಳ ಮಡಿಲಲ್ಲಿ ಮುಖವಿಟ್ಟು ಜೋರಾಗಿ ಅತ್ತೆ. ಅವಳೂ ಅತ್ತಳು. ಕೇಂದ್ರದ ಹುಡುಗಿ ಓಡಿಬಂದು, ಆಮೆ ಚೆನ್ನಾಗಿದೆ, ಏನೂ ಆಗುವುದಿಲ್ಲ, ಅಳಬೇಡಿ ಎಂದು ಇಬ್ಬರನ್ನೂ ಸಮಾಧಾನ ಮಾಡಿದಳು.