ದಯವಿಟ್ಟು ಹೊರಡಿ ಎಂದ ಕಂಪ್ಯೂಟರ್

ಮರ್ಯಾದೆಯಿಂದ ಇರಬೇಕೆಂದು ನಾನು ಹೊರಟ ದಿನವೇ ಇಂಥದ್ದೇನಾದರೂ ಆಗುತ್ತದೆ. ಎರಡು ಸಾವಿರದ ಇಸವಿ ಕಳೆದ ಹೊಸತು. ಭದ್ರಾವತಿಯಿಂದ ಬಸ್ಸಿನಲ್ಲಿ ಓಡಾಡಿಕೊಂಡು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಹಂಗಾಮಿ ಕೆಲಸ ಮಾಡುತ್ತಿದ್ದೆ. ಹಳೆಯ ಕಂಪ್ಯೂಟರುಗಳನ್ನೆಲ್ಲ ತಂತಿಯಿಂದ ಜೋಡಿಸಿ ಒಂದೇ ದೊಡ್ಡ ಯಂತ್ರದಂತೆ ದುಡಿಸುತ್ತಿದ್ದರು; ಅದಕ್ಕೆ ನಾನೇ ಕಾವಲು. ದೊಡ್ಡ ಲೆಕ್ಕ ಇದ್ದವರು ಎಷ್ಟು ಹೊತ್ತು ಬೇಕೆಂದು ಮೊದಲೇ ಹೇಳಿ ಸರದಿ ಕಾಯಬೇಕು. ಹೇಳಿದ ಹೊತ್ತು ಮೀರಿದರೆ ಯಂತ್ರ ಆ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ.

ಟವೆಲ್

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮವರು ಕಂಪ್ಯೂಟರನ್ನೂ ಹಾಗೇ ಹಿಡಿದರು. ಕೆಮಿಸ್ಟ್ರಿ ಮೇಡಂ ಅವರ ಲೆಕ್ಕ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವಂಥದ್ದು. ಕೇಳಿದ್ದು ಇಡೀ ದಿನ.

"ಇಷ್ಟು ಯಾಕೆ ಮೇಡಂ?"

"ಇರ್ಲಿ ಬಿಡಿ. ಹೇಗೂ ಕೇಳೋದೇ ಅಂದ್ಮೇಲೆ, ಜಾಸ್ತೀನೇ ಕೇಳೋಣ."

ಕಡಿಮೆ ಹೊತ್ತು ಕೇಳಿದವರನ್ನು ಯಂತ್ರ ಮೊದಲು ಒಳಗೆ ಬಿಡುತ್ತಿತ್ತು. ಮೇಡಂ ವಾರವೆಲ್ಲ ಕಾದರು. ಕೊನೆಗೆ ಕೈಯಲ್ಲೇ ಲೆಕ್ಕ ಮಾಡಿ ಮುಗಿಸಿ, "ಸರದಿ ಬಂದ್ರೆ ಹೇಳಿ, ನಿಮ್ ಕಂಪ್ಯೂಟರಿಗೆ ಲೆಕ್ಕ ಬರುತ್ತಾ ನೋಡೋಣ" ಅಂದರು.

ಹೋಳಿಗೆ

ಇದನ್ನು ಕಂಡ ಉಳಿದವರು ತೀರ ಕಡಿಮೆ ಹೊತ್ತು ಕೇಳಿ, ಅದನ್ನು ಮೀರತೊಡಗಿದರು. ಅಂಥವರಿಗೆ ಬುದ್ಧಿ ಬರಲೆಂದು ಪರದೆಯ ತುಂಬ ದಪ್ಪಕ್ಷರದ ಸಂದೇಶ ಬರುವಂತೆ ಮಾಡಿದೆ: "ನಿಮ್ಮ ಸಮಯ ಮುಗಿಯಿತು. ಬೇರೆಯವರು ಕಾಯುತ್ತಿದ್ದಾರೆ. ದಯವಿಟ್ಟು ಹೊರಡಿ."

ಮೊದಲು ಸಿಕ್ಕಿಬಿದ್ದವರು ನನಗೇ ಪಾಠ ಹೇಳಿದ್ದ ಸಿವಿಲ್ ಮೇಷ್ಟ್ರು.

"ನನಗೇ ಹೊರಡಿ ಅಂತೀಯೇನೋ?"

"ಸಾರ್, ಅದು ಯಂತ್ರ ಹೇಳಿದ್ದು."

"ಯಂತ್ರಕ್ಕೆ ಹೇಳ್ಕೊಟ್ಟೋನು ಯಾರು?"

ಕೆಲವೇ ದಿನಗಳಲ್ಲಿ ವಿನೋಬನಗರದಲ್ಲಿ ಅವರ ಹೊಸ ಮನೆಯ ಗೃಹಪ್ರವೇಶ. ನಾನು ಮತ್ತೊಂದು ಹೋಳಿಗೆ ಹಾಕಿಸಿಕೊಳ್ಳುವಾಗ ಮೇಷ್ಟ್ರು ಎಲೆಯ ಮುಂದೆ ನಿಂತು, ಇಡೀ ಪಂಕ್ತಿಗೆ ಕೇಳುವ ಹಾಗೆ, "ಬೇರೆಯವರು ಕಾಯ್ತಿದ್ದಾರೆ ಮಾರಾಯ" ಅಂದರು. ಬಾಯಲ್ಲಿದ್ದ ಹೋಳಿಗೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಸಮಿತಿ

ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು. "ಅವ್ರಿಗೆ ನಿನ್ನ ಯಂತ್ರ ಹಿಡಿಸಿದ್ರೆ ಕೆಲಸ ಕಾಯಂ. ಇಲ್ದಿದ್ರೆ ನಾಳೆಯಿಂದ ಬಸ್ ಹತ್ತಬೇಡ" ಎಂದರು ಪ್ರಿನ್ಸಿಪಾಲರು. ಸಮಿತಿ ಬಂದಾಗ ಭದ್ರಾ ಹೊಳೆಯ ಪ್ರವಾಹದ ಲೆಕ್ಕ ಪರದೆಯ ಮೇಲೆ ಓಡುತ್ತಿರಬೇಕು. ಸ್ವಾಗತ, ಕಾಫಿ ಎಲ್ಲ ಅಂದಾಜು ಮಾಡಿ ಹೊತ್ತು ಕೇಳಿದೆ. ಊರಿಗೆಲ್ಲ ಬುದ್ಧಿ ಹೇಳಿದವನಿಗೆ ಹೆಚ್ಚು ಕೇಳಲು ನಾಚಿಕೆಯಾಯಿತು.

ಸಭಾಂಗಣದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಒಬ್ಬೊಬ್ಬರದೂ ಪರಿಚಯ. ಆಮೇಲೆ ಪ್ರಿನ್ಸಿಪಾಲರ ಭಾಷಣ. ಅದು ಕಾಲೇಜಿನ ಪಾಯ ತೋಡಿದಲ್ಲಿಂದ ಶುರುವಾಯಿತು. ಬಾಗಿಲಲ್ಲಿ ನಿಂತು ಕೈಯೆತ್ತಿ ವಾಚು ತೋರಿಸಿದೆ. ಮೆಚ್ಚಿ ಕೈಬೀಸುತ್ತಿದ್ದೇನೆಂದುಕೊಂಡು ಅವರು ಇನ್ನಷ್ಟು ಹುರುಪಿನಿಂದ ಮುಂದುವರಿದರು.

ಕೊನೆಗೂ ಎಲ್ಲರೂ ಲ್ಯಾಬಿಗೆ ಬಂದಾಗ ಪ್ರವಾಹ ಇಳಿದುಹೋಗಿತ್ತು. ಪರದೆಯ ಮೇಲೆ ನನ್ನ ಸಂದೇಶ. ಸಮಿತಿಯ ಅಧ್ಯಕ್ಷರು ಕನ್ನಡಕ ಏರಿಸಿ, "ದಯವಿಟ್ಟು ಹೊರಡಿ" ಎಂಬಲ್ಲಿಯವರೆಗೂ ಗಟ್ಟಿಯಾಗಿ ಓದಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಯಾರಿಗೆ ಹೇಳ್ತಿದೆ ಇದು?"

"ನನಗೇ ಸಾರ್. ಹೇಳಿದ ಹೊತ್ತು ಮೀರಿದ್ರೆ ಹೀಗೆ ಬರುತ್ತೆ" ಎಂದು ತೊದಲಿದೆ.

ಅವರು ಪ್ರಿನ್ಸಿಪಾಲರ ಕಡೆ ತಿರುಗಿದರು. "ಯಂತ್ರ ಬಹಳ ಚೆನ್ನಾಗಿದೆ. ಇಟ್ಟಿರೋ ಜಾಗ ಸರಿಯಿಲ್ಲ. ಸಭಾಂಗಣದಲ್ಲಿ, ಮೈಕಿನ ಪಕ್ಕ ಇಡಿ."

ಕೆಲಸ ಕಾಯಂ ಆಯಿತು. ಆದೇಶ ಕೊಡುವಾಗ ಪ್ರಿನ್ಸಿಪಾಲರು ತಮ್ಮ ವಾಚು ನೋಡಿಕೊಂಡು, ಬಾಗಿಲು ತೋರಿಸಿದರು.