ದೇರಣ್ಣನ ಎಂಟು ಮೈಲಿ

1959ರಲ್ಲಿ ಪುತ್ತೂರಿನಲ್ಲಿ, ಲೆಕ್ಕವೆಂದರೆ ಆಗದವರಿಗೆ ತಕ್ಕ ಉದ್ಯೋಗ ಒದಗಿಸುವ ಸರಕಾರಿ ಸಮಿತಿಯೊಂದು ಸ್ಥಾಪನೆಯಾಯಿತು. ಅರ್ಜಿದಾರರು ಲೆಕ್ಕದಲ್ಲಿ ಮೂರು ಸಲ ಅನುತ್ತೀರ್ಣರಾಗಿರತಕ್ಕದ್ದು. ಎರಡೇ ಸಲ ಆದವರು ಇನ್ನೊಮ್ಮೆ ಪರೀಕ್ಷೆಗೆ ಕುಳಿತು ಬರತಕ್ಕದ್ದು. ಈ ನಿಯಮ ಬರೆದವಳು ಕಾರ್ಯದರ್ಶಿಯಾದ ನಾನೇ.

ಸುಳ್ಯದ ದೇರಣ್ಣ ನಾಲ್ಕು ಸಲ ಅನುತ್ತೀರ್ಣನಾಗಿದ್ದ. ಪುತ್ತೂರು-ಸುಳ್ಯ ರಸ್ತೆಬದಿಯ ಕೆದಂಬಾಡಿಯ ಲೋಲಾಕ್ಷಿಯನ್ನು ಮದುವೆಯಾಗುವ ಆಸೆ ಅವನಿಗೆ. ಅವಳ ತಂದೆ ಚನಿಯಪ್ಪ ಗೌಡರದು ಎರಡು ಷರತ್ತು: ಹುಡುಗನಿಗೆ ಸರಕಾರಿ ಕೆಲಸ ಇರಬೇಕು, ಅವನ ಮನೆ ತಮ್ಮ ಮನೆಯಿಂದ ಹತ್ತು ಮೈಲಿಯೊಳಗಿರಬೇಕು.

"ನನಗೆ ಎರಡೂ ಇಲ್ಲ ಅಮ್ಮಾ," ಎಂದ ದೇರಣ್ಣ.

"ಮೊದಲನೆಯದಕ್ಕೆ ಸಮಿತಿ ಉಂಟು. ಎರಡನೆಯದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ," ಎಂದೆ. "ನೆಟ್ಟಗೆ ನಿಂತು ಮಾತಾಡಿ."

ಪುತ್ತೂರು-ಸುಳ್ಯ ರಸ್ತೆಯ ಮೈಲಿಗಲ್ಲುಗಳಿಗೆ ಬಣ್ಣ ಬಳಿಯುವ ಕೆಲಸ ಅವನಿಗೆ ಸಿಕ್ಕಿತು. "ಅದರಲ್ಲಿ ಅಂಕಿ ಉಂಟಲ್ಲ?" ಎಂದು ಹೆದರಿದ.

"ನೀನು ಕೂಡಿಸುದು ಬೇಡ, ಕಳೆಯುದು ಬೇಡ ಮಾರಾಯ," ಎಂದರು ರಸ್ತೆ ಮೇಸ್ತ್ರಿ ಜತ್ತಪ್ಪ. "ಚಿತ್ರ ಅಂತ ಗ್ರಹಿಸು."

ದೇರಣ್ಣ ಹಾಗೆಯೇ ಗ್ರಹಿಸಿದ. ಅವನಿಗೆ ಚಂದ ಬರುತ್ತಿದ್ದ ಚಿತ್ರ ಎಂಟು. ಎಲ್ಲ ಕಲ್ಲುಗಳ ಎರಡೂ ಮುಖಗಳಲ್ಲಿ ಎಂಟೇ ಮೂಡಿತು. ನಾನು ಜೀಪಿನಲ್ಲಿ ಹೋಗಿ ತಪಾಸಣೆ ನಡೆಸಿದೆ. ಒಂದು ಎಂಟೂ ಓರೆಯಾಗಿರಲಿಲ್ಲ. ಕೆಲಸ ಕಾಯಂ ಮಾಡಲು ಶಿಫಾರಸು ಮಾಡಿದೆ.

ಬಸ್ ಏಜೆಂಟ್ ಅಬ್ದುಲ್ಲ ದೂರು ತಂದರು. "ಎಷ್ಟು ಓಡಿಸಿದರೂ ಎಂಟೇ ಅಮ್ಮಾ. ಬಸ್ಸು ನಿಂತಲ್ಲೇ ಉಂಟು ಅಂತ ಜನ ಡ್ರೈವರನಿಗೆ ಬೈತಾರೆ."

ಅಂಕಿ ತಿದ್ದಲು ಅಂಕಿ ಬಲ್ಲವರು ಬೇಕು. ಹುದ್ದೆಯೋ ಅಂಕಿ ಒಲ್ಲದವರಿಗೆ ಮೀಸಲು. ಆದುದರಿಂದ ಕಲ್ಲುಗಳನ್ನು ಹಾಗೆಯೇ ಬಿಟ್ಟು ದೂರವನ್ನು ತಿದ್ದಲಾಯಿತು. ಪ್ರಕಟಣೆ ಹೊರಟಿತು:

"ಸದರಿ ರಸ್ತೆಯಲ್ಲಿ ಯಾವುದೇ ಸ್ಥಳದಿಂದ ಯಾವುದೇ ಸ್ಥಳಕ್ಕೆ ಎಂಟು ಮೈಲಿ. ಹೆಚ್ಚೆಂದು ಕಂಡಲ್ಲಿ ಅದು ಪ್ರಯಾಣಿಕರ ವೈಯಕ್ತಿಕ ಆಯಾಸ."

ಅದನ್ನು ಓದಿ ಚನಿಯಪ್ಪ ಗೌಡರು ಕಚೇರಿಗೆ ಬಂದರು.

"ಹಾಗಾದರೆ ದೇರಣ್ಣನ ಮನೆಗೆ?"

"ಎಂಟು."

"ಮೊನ್ನೆ ನಡೆದು ಹೋಗಿ ಬಂದೆ. ಕಾಲು ಬಾತದ್ದು ಎಂತಕ್ಕೆ?"

"ಅದನ್ನು ಆಸ್ಪತ್ರೆಯಲ್ಲಿ ವಿಚಾರಿಸಿ."

ಗೌಡರು ಯೋಚಿಸಿದರು. "ಸರಕಾರ ಕಲ್ಲಿನ ಮೇಲೆ ಬರೆದದ್ದಲ್ಲವಾ. ನನ್ನ ಕಾಲಿನದ್ದೇ ತಪ್ಪಿರಬೇಕು," ಎಂದು ಮದುವೆಗೆ ಒಪ್ಪಿದರು.

ಮದುವೆಯ ದಿನ ಗಂಡಿನ ದಿಬ್ಬಣ, ಎಂಟು ಮೈಲಿ ನಡೆಯಲು ಸಾಕಾಗುವ ಹೊತ್ತಿಗೆ ಹೊರಟು, ಮುಹೂರ್ತ ಮೀರಿ ಎರಡು ಗಂಟೆ ತಡವಾಗಿ ತಲುಪಿತು. ಚನಿಯಪ್ಪ ಗೌಡರು ಗೋಡೆ ಗಡಿಯಾರ ನೋಡಿದರು. ಹೊರಗೆ ಬಂದು ರಸ್ತೆಬದಿಯ ಕಲ್ಲು ನೋಡಿದರು. ಒಳಗೆ ಹೋಗಿ ಸ್ಟೂಲು ಹತ್ತಿ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರು.

ಮದುವೆ ಸಕಾಲದಲ್ಲಿ ನೆರವೇರಿತು.