ಜೋಡಿ ಪದಕದ ಬೆನ್ನು ಹತ್ತಿ

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಸೋಮವಾರ, ಏಳನೇ ಇಯತ್ತೆಯ ಗಣಿತ ಪರೀಕ್ಷೆಯ ದಿನ. ಕಲಬುರಗಿಯ ಬ್ರಹ್ಮಪುರದ ಮನೆಯಿಂದ ಕಂಪಾಸು ಡಬ್ಬಿ ಹಿಡಿದು ಹೊರಟವನು ಸಾಲಿ ಕಡೆ ತಿರುಗದೆ ಸ್ಟೇಷನ್ ಕಡೆ ತಿರುಗಿದೆ. ಸೊಲ್ಲಾಪುರದಲ್ಲಿ ಇಳಿದರೆ ಸಂತೆಯಲ್ಲಿ ಒಬ್ಬ ಮುದುಕ ಹಳೇ ಫೌಜಿ ಸಾಮಾನು ಹರವಿಕೊಂಡು ಕೂತಿದ್ದ. ಕಂಪಾಸು ಡಬ್ಬಿ ಕೊಟ್ಟು ಒಂದು ಟೋಪಿ ಬಿಲ್ಲೆ ತಗೊಂಡೆ. ಗಣಿತ ಅಲ್ಲಿಗೆ ಮುಗೀತು, ಹುಚ್ಚು ಶುರುವಾಯ್ತು. ಹೊಟ್ಟೆಪಾಡಿಗೆ ಗೋಡೆಗೆ ಬಣ್ಣ ಬಳಿಯುತ್ತೇನೆ. ಉಳಿದ ಹೊತ್ತು ಹಿಂದೆ ಲಡಾಯಿಗೆ ಹೋದವರ ಪದಕ, ಬಿಲ್ಲೆ, ಬೆಲ್ಟಿನ ಬಕಲು ಹುಡುಕುತ್ತ ಊರೂರು ತಿರುಗುತ್ತೇನೆ. ಲಡಾಯಿ ಮಾಡಿದವರು ಮಣ್ಣಾಗಿ ಎಷ್ಟೋ ವರ್ಷವಾಯ್ತು. ಅವರ ಸಾಮಾನು ಹುಡುಕುವವನಿಗೆ ಮಾತ್ರ ಫಜೀತಿ ಮುಗಿದಿಲ್ಲ.

ಹುಣಸಿಹಣ್ಣು

ತಾಜಸುಲ್ತಾನಪುರದ ಒಂದು ಮನೆಯಲ್ಲಿ ನಿಜಾಮನ ಕಾಲದ ಟೋಪಿ ಬಿಲ್ಲೆ ಇದೆ ಎಂದು ತಿಳಿದು ಫೋನ್ ಮಾಡಿದೆ. ನಾಳಿ ಬರ್ರಿ ಅಂದರು. ಹೋದರೆ ಮನೆಯಾಕೆ ಬಿಲ್ಲೆಯನ್ನು ತಾಟಿನಲ್ಲಿಟ್ಟು ತಂದರು. ಬಂಗಾರದ ಹಾಗೆ ಫಳಫಳ. ಮೇಲಿದ್ದ ಅಕ್ಷರ, ಚಿತ್ರ ಎಲ್ಲ ನುಣ್ಣಗೆ ಮಾಯ.

"ಏನ್ ಮಾಡೀರಿ ಅಕ್ಕೋರ?"

"ಮನಿಗಿ ಮಂದಿ ಬರ್ತಾರಂದ್ರ ಹೊಲಸು ತೋರಸ್ಲಾಕ ಆಗ್ತದೇನ್ರಿ? ನಿನ್ನಿ ಸಂಜಿತನ ಹುಣಸಿಹಣ್ಣು ಹಚ್ಚಿ ತಿಕ್ಕೀನಿ."

ಹಳೇ ಸಾಮಾನಿಗೆ ಆ ಹೊಲಸೇ ಜೀವ, ಯಾರೂ ತೊಳೀಬಾರದು ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಆಕೆ ತಲೆಯಾಡಿಸಿ ಕೇಳಿದರು. ಓಣಿಗೆಲ್ಲ ಹೇಳಿಯೂ ಹೇಳಿದರು. ಮರುವಾರ ಪಕ್ಕದ ಮನೆಗೆ ಹೋದೆ. ಒಂದು ಬಕಲು ಧೂಳಿನ ಸಮೇತ ಬಂತು, ಹಿಗ್ಗಿಹೋದೆ. ಹಿಂದೆಯೇ ಚಹಾ ಬಂತು. ಕಪ್ಪಿನ ಅಂಚಿಗೆ ಯಾರೋ ಮುಂಜಾನೆ ಕುಡಿದಿಟ್ಟ ಚಹಾದ ಕಲೆ. ನಾನು ಕಪ್ಪನ್ನೇ ನೋಡುವುದು ಕಂಡು ಮನೆಯವರು ಸಮಾಧಾನ ಮಾಡಿದರು: "ಕುಡೀರಿ, ತೊಳದಿಲ್ಲ. ನಿಮಗ ತೊಳದದ್ದು ಸೇರಂಗಿಲ್ಲ ಅಂತ ಬಾಜೂ ಮನ್ಯವರು ಹೇಳ್ಯಾರ."

ಕಪ್ತಾನನ ಬಿಲ್ಲೆ

ಕಲಬುರಗಿಯಲ್ಲಿ ನನಗೆ ಗೊತ್ತಿರುವ ಒಬ್ಬ ಗುಜರಿ ಚಾಚಾ ಇದ್ದಾರೆ. ನಾನು ಹೋದರೆ ಸಾಕು, ಸ್ಟೂಲ್ ಒರೆಸಿ ಕೂರಿಸುತ್ತಾರೆ. ಒಂದು ದಿನ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟು ಹೇಳಿದರು: "ದೇಖೋ ಭಾಯ್, ದೊಡ್ಡ ಕಪ್ತಾನಂದು ಅದ. ನಿಮ್ಮ ಸಲುವಾಗೇ ಇಟ್ಟೀನಿ."

ತಿರುಗಿಸಿ ನೋಡಿದೆ. "ಚಾಚಾ, ಇದು ಬಸ್ ಕಂಡಕ್ಟರಂದು."

ಚಾಚಾ ಕದಲಲಿಲ್ಲ. "ಹಾಂ, ಅವನೂ ಚಿಲ್ಲರಕ್ಕ ದಿನಾ ಲಡಾಯಿ ಮಾಡ್ತಾನಲ್ಲ."

ಅದೇ ದಿನ ಅದೇ ರಾಶಿಯಲ್ಲಿ ನನಗೆ ಸಿಕ್ಕಿದ್ದು ಮೊದಲ ಮಹಾಯುದ್ಧದ ಬೆಳ್ಳಿ ಪದಕ. ಒಂದು ಕಡೆ ದೊರೆಯ ಮುಖ, ಇನ್ನೊಂದು ಕಡೆ ಕುದುರೆ ಏರಿದ ವೀರ, ಅಂಚಿನ ಮೇಲೆ ಸಿಪಾಯಿಯ ನಂಬರು, ಹೆಸರು. ಇದು ಸಿಕ್ಕವನಿಗೆ ಸಾಮಾನ್ಯವಾಗಿ ಹಿತ್ತಾಳೆ ಬಣ್ಣದ ಎರಡನೇ ಪದಕವನ್ನೂ ಕೊಡುತ್ತಿದ್ದರು. ಅದರ ಮೇಲೆ ರೆಕ್ಕೆ ಬಿಚ್ಚಿದ ಹೆಣ್ಣು. ಒಂದೇ ಹೆಸರಿನ ಜೋಡಿ ಕೂಡಿಸುವುದು ನನ್ನ ಇಪ್ಪತ್ತು ವರ್ಷದ ಆಸೆ, ಒಮ್ಮೆಯೂ ಕೂಡಿರಲಿಲ್ಲ. ಎಲ್ಲಿಂದ ಬಂತು ಎಂದು ಕೇಳಿದೆ. ಕಮಲಾಪುರದ ಒಂದು ಮನೆಯಿಂದ ಕೊಂಡ ತಾಮ್ರದ ಹಂಡೆಯೊಳಗಿತ್ತು ಅಂದರು. ಪದಕ ಕೊಂಡು ಮುಂದಿನ ಬಸ್ಸಿಗೆ ನಾನು ಕಮಲಾಪುರ.

ರೆಕ್ಕೆ ದೇವಿ

ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುವವರನ್ನು ಕೇಳಿ ಕೇಳಿ ಮನೆ ಹಿಡಿದೆ. ಎಂಬತ್ತು ದಾಟಿದ ಆಯಿ, ಆಕೆಯ ಸೊಸೆ. ಗೀಜರ್ ಬಂದಮೇಲೆ ಅಟ್ಟದ ಮೇಲಿದ್ದ ಹಳೇ ಹಂಡೆ ಮಾರಿದ್ದು ಸೊಸೆ. ಅದರೊಳಗೆ ಏನಿತ್ತು ನೋಡಿರಲಿಲ್ಲ. ರೆಕ್ಕೆಯ ಪದಕ ಎಲ್ಲಿದೆ ಅಂತ ಕೇಳಬೇಕಾಗಲಿಲ್ಲ. ದೇವರ ಜಗಲಿಯ ಮೇಲೆ ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

"ರೆಕ್ಕಿ ದೇವಿ," ಅಂದಳು ಆಯಿ. "ನಾ ಈ ಮನಿಗಿ ಸೊಸಿ ಆಗಿ ಬಂದಾಗಿಂದ ಪೂಜಾ ಮಾಡ್ಲಾಕತ್ತೀನಿ."

ನಾನು ಬೆಳ್ಳಿಯದನ್ನು ತೆಗೆದು ತೋರಿಸಿದೆ. ಆಯಿ ನೋಡಿದವಳೇ ಪದಕಕ್ಕೆ ಬೈದಳು: "ಎಲ್ಲಿ ಹೋಗಿದ್ದೋ ಮೂಳಾ? ಆಕಿನ್ನ ಒಬ್ಬಾಕಿನ್ನ ಕೂಡ್ಸಿ."

ದೇವಿಯ ಗಂಡನಂತೆ ಅವನು. ಹಿಂದಿನ ಕಡೆಯ ಕುದುರೆ ಸವಾರನ ಮೈಮೇಲೆ ಒಂದು ಚಿಂದಿ ಬಟ್ಟೆಯೂ ಇಲ್ಲವೆಂದು, ನಾಚಿಕೆಗೆ, ಆಯಿಯ ಅತ್ತೆ ಅವನನ್ನು ಹಂಡೆಯೊಳಗೆ ಇಟ್ಟಿದ್ದಳಂತೆ.

ಅಪ್ಪಣೆ ಕೇಳಿ ಎರಡನ್ನೂ ಪಕ್ಕಪಕ್ಕ ಹಿಡಿದೆ. ಅದೇ ನಂಬರು. ಹೆಸರನ್ನು ಗಟ್ಟಿಯಾಗಿ ಓದಿದೆ. ಆಯಿ ತಟ್ಟನೆ ಸೆರಗು ತಲೆ ಮೇಲೆಳೆದುಕೊಂಡು ಗೋಡೆಗೆ ಸರಿದು ನಿಂತಳು. ಅದು ಆಕೆಯ ಮಾವನ ಹೆಸರು.

"ಆಯಿ, ಎರಡೂ ನನಗ ಕೊಡ್ರಿ. ಗಾಜಿನ ಪೆಟಗ್ಯಾಗ ಜ್ವಾಪಾನ ಇಡ್ತೀನಿ."

"ಪೆಟಗಿ ಎಲ್ಲದ?"

"ಮಾಡಿಸಬೇಕು."

"ಪೆಟಗಿ ಇಡ್ಲಾಕ ಮನಿ ಎಲ್ಲದ?"

ನಾನು ಹೆಗಲಿನ ಚೀಲ ಮುಟ್ಟಿ ನೋಡಿಕೊಂಡೆ. ಸೊಸೆ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು.

ಆಯಿಯ ಮನಸ್ಸು ಕರಗಲಿ ಎಂದು ಮೂರು ದಿನ ಅಲ್ಲೇ ನಿಂತೆ. ಪಡಸಾಲೆಯ ಗೋಡೆಗೆ ಬಣ್ಣ ಹೊಡೆದುಕೊಟ್ಟೆ. ರೊಟ್ಟಿ, ಪುಂಡಿಪಲ್ಯ ಹೊಟ್ಟೆ ತುಂಬ ಉಂಡೆ. ಅಷ್ಟರಲ್ಲಿ ಸವಾರನಿಗೆ ದಪ್ಪಗೆ ಭಸ್ಮ ಮೆತ್ತಿ ಮಾನ ಮುಚ್ಚಿ, ದೇವಿಯ ಮಗ್ಗುಲಿಗೆ ಕೂರಿಸಿಯೂ ಆಗಿತ್ತು. ನೋಡಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಜೋಡಿ ಕೂಡಿತ್ತು, ನನ್ನ ಚೀಲದಲ್ಲಲ್ಲ ಅಷ್ಟೇ. ಯಾಕೋ ಹೊಟ್ಟೆ ಉರಿಯಲಿಲ್ಲ.

ನಾಲ್ಕನೇ ದಿನ ಕುಂಚ ತೊಳೆದೆ, ಅಂಗಿ ಮಡಿಚಿದೆ, ಚೀಲದ ಬಾಯಿ ಕಟ್ಟುತ್ತ ಕೊನೆಯದಾಗಿ ಕೇಳಿ ನೋಡಿದೆ: "ಹೋಗ್ಲಿ ಆಯಿ, ದೇವಿ ನಿಮಗೇ ಇರಲಿ. ನಾ ತಂದ ಗಂಡಸನ್ನರ ನನ್ನ ಸಂಗಾಟ ಕಳಸ್ರಿ."

ಆಯಿ ನಾಲ್ಕು ಕೆಂಪು ಬಾಳೆಹಣ್ಣು ನನ್ನ ಚೀಲಕ್ಕೆ ತುರುಕುತ್ತ ಅಂದಳು: "ಬ್ಯಾಡೋ ಯಪ್ಪಾ. ಈಗರ ಮನೀಗಿ ಬಂದಾನ. ನಿನ್ನ ಸಂಗಾಟ ಕಳಸಿದ್ರ ಮತ್ತ ತಿರಗೋದು ಕಲೀತಾನ."